ಎರಡು ಗಾಡಿಗೆ ಒಂದೇ ರೇಡಿಯೋ

ರೇಡಿಯೋ ಅವಳ ವ್ಯಾನಿನಲ್ಲಿತ್ತು. ನೋಡಿದ್ದೇ ಅವಳು ಬಾಗಿಲತ್ತ ತಿರುಗಿದಳು.

"ಇದನ್ನ ಯಾರು ಇಲ್ಲಿ ಕೂರಿಸಿದ್ದು ಭಾವ?"

ಗ್ಯಾರೇಜಿನ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಅಕ್ಕನ ಗಂಡ ಮುಖ ತಪ್ಪಿಸಿದ. "ಬೆಳಗ್ಗೆ ಬೇಗ ಬಂದು ಆ ಲೈನ್‌ಮ್ಯಾನೇ ಸ್ಕ್ರೂ ಬಿಗಿದು ಹೋದ. ನಿನಗೆ ಹೇಳಬೇಡ ಅಂದ."

ದೂರದವರ ಜೊತೆ ಮಾತಾಡುವ ಹವ್ಯಾಸಿ ರೇಡಿಯೋದ ಪರೀಕ್ಷೆಯನ್ನು ಅವಳೂ ಆ ಲೈನ್‌ಮ್ಯಾನೂ ಒಟ್ಟಿಗೇ ಪಾಸು ಮಾಡಿದ್ದರು. ಸೆಟ್ಟು ಮಾತ್ರ ಇಬ್ಬರಿಗೂ ಸೇರಿ ಒಂದೇ. ಔಷಧಿ ಹೊತ್ತು ತಿರುಗುವ ಅವಳ ವ್ಯಾನಿಗೊಂದು ಆಂಟೆನಾ, ಕರೆಂಟಿನ ತಂತಿ ರಿಪೇರಿಗೆ ಓಡಾಡುವ ಅವನ ಜೀಪಿಗೊಂದು ಆಂಟೆನಾ. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಯಾರು ಹೋಗುತ್ತಾರೋ ಸೆಟ್ಟು ಅವರ ಗಾಡಿಗೆ.

ಅದನ್ನು ಬಿಚ್ಚಿ ಬಿಗಿಯಲು ಐದು ನಿಮಿಷ ಸಾಕು. ಅವನಿಗೆ ಮಾತ್ರ ಅರ್ಧ ಗಂಟೆ ಹಿಡಿಯುತ್ತಿತ್ತು. ಒಂದು ಸ್ಕ್ರೂ ತಿರುಗಿಸಿ ಒಮ್ಮೆ ಅವಳತ್ತ ನೋಡುವನು. ಅವಳು ನೋಡಿದೊಡನೆ ಸ್ಕ್ರೂ ಕೆಳಗೆ ಬೀಳುವುದು. ಊರೆಲ್ಲ ಅವಳನ್ನು ಸಿಸ್ಟರ್ ಎಂದು ಕರೆದರೂ ಅವನೊಬ್ಬ ಜಪ್ಪಯ್ಯ ಅಂದರೂ ಹಾಗೆ ಕರೆದವನಲ್ಲ. "ನರ್ಸಮ್ಮ" ಎನ್ನುತ್ತಿದ್ದ.

ಇವತ್ತಿಗೆ ಇಬ್ಬರಿಗೂ ಸಿಗ್ನಲ್ ಇಲ್ಲದ ಕಡೆಯೇ ಕೆಲಸ ಬಿದ್ದಿದೆ ಎಂದು ನಿನ್ನೆ ಗೊತ್ತಾಗಿತ್ತು. ಅವನಿಗೆ ಹೊಳೆಯಾಚೆ, ಅವಳಿಗೆ ಗುಡ್ಡದ ಮೇಲೆ.

"ಹೊಳೆ ಏರ್ತಿದೆ, ನೀವೇ ಒಯ್ಯಿರಿ" ಎಂದಿದ್ದಳು.

"ಗುಡ್ಡದ ರಸ್ತೆ ಜಾರುತ್ತೆ. ನಿಮ್ಮ ಹತ್ರಾನೇ ಇರಲಿ."

"ನನ್ನ ಚಿಂತೆ ಮಾಡೋಕೆ ನೀವ್ಯಾರ್ರೀ?"

ಬಾಯಿ ತಪ್ಪಿ ಬಂದ ಮಾತು. ಅವನ ಮುಖ ಸಣ್ಣದಾಯಿತು. ಸೆಟ್ಟನ್ನು ಜೀಪಿಗೆ ಹಾಕಿಕೊಂಡು ಹೊರಟುಹೋದ.

ಇವತ್ತು ಮಧ್ಯಾಹ್ನದ ಹೊತ್ತಿಗೆ, ಅವಳು ಗುಡ್ಡ ಇಳಿಯುತ್ತಿದ್ದಾಗ, ರೇಡಿಯೋದಲ್ಲಿ ಮೇಷ್ಟ್ರ ದನಿ ಬಂತು. ಅವರಿಬ್ಬರಿಗೂ ಈ ವಿದ್ಯೆ ಕಲಿಸಿದ ಮುದುಕ. ಮನೆಯಲ್ಲೇ ಸೆಟ್ಟಿಟ್ಟುಕೊಂಡು ಕೂತಿರುವವರು.

"ಸೇತುವೆ ಕೊಚ್ಚಿಹೋಗಿದೆ ಮಗಳೇ. ನಮ್ಮ ಲೈನ್‌ಮ್ಯಾನ್ ಜೀಪು ಆಚೆ ದಡದಿಂದ ವಾಪಸ್ ಬಂದಿಲ್ಲ. ಕರೆದು ನೋಡೋಣ ಅಂದ್ರೆ ಸೆಟ್ಟು ನಿನ್ನ ಹತ್ರ ಇದೆ."

ಊರಿಗೆಲ್ಲ ಕೇಳುವ ಹಾಗೆ ಅವಳು ಮಾತಾಡಬಲ್ಲಳು. ಅವನೊಬ್ಬನಿಗೆ ಕೇಳಿಸದು. ಹೊಳೆಯವರೆಗೂ ವ್ಯಾನನ್ನು ಹೇಗೆ ಓಡಿಸಿದಳೋ ಅವಳಿಗೇ ಗೊತ್ತಿಲ್ಲ.

ಸೇತುವೆಯ ಎರಡು ಕಂಬಗಳಷ್ಟೇ ಉಳಿದಿದ್ದವು. ನಡುವೆ ಕೆಂಪು ನೀರು ಅಬ್ಬರಿಸುತ್ತಿತ್ತು. ಮಳೆಯ ಮಬ್ಬಿನಾಚೆ ಜೀಪು ಕಂಡಿತು. ಅದರ ಪಕ್ಕ ನಿಂತವನು ಅವನೇ. ಕೂಗಿದಳು. ದನಿಯನ್ನು ಹೊಳೆ ನುಂಗಿತು.

ಅವನು ಜೀಪಿನೊಳಗೆ ಹೋದ. ಹೆಡ್‌ಲೈಟು ಹೊತ್ತಿ ಆರಿತು. ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಮೇಷ್ಟ್ರು ಕಲಿಸಿದ ಮೋರ್ಸ್ ಅಕ್ಷರಗಳು!

ಅವಳು ಅಕ್ಷರ ಕೂಡಿಸುತ್ತ ಮೈಕಿಗೆ ಹೇಳತೊಡಗಿದಳು. "ಮೇಷ್ಟ್ರೇ, ಅವರ ಜೊತೆ ಕೆಲಸಕ್ಕೆ ಹೋದವನ ಕಾಲು ಮುರಿದಿದೆ. ರಕ್ತ ನಿಲ್ತಿಲ್ಲ. ದೋಣಿ ಬೇಕು, ಬೇಗ!"

"ಫೋನ್ ಮಾಡಿದೆ, ಕಳಿಸ್ತಿದ್ದಾರೆ. ಅರ್ಧ ಗಂಟೆ."

ಗಾಯವನ್ನು ಹೇಗೆ ಒತ್ತಿ ಕಟ್ಟಬೇಕೆಂದು ಅವಳು ತನ್ನ ಹೆಡ್‌ಲೈಟಿನಲ್ಲಿ ಒಂದೊಂದೇ ಅಕ್ಷರವಾಗಿ ಹೇಳಿಕೊಟ್ಟಳು. ಅವನು ಓಡಿದ. ಹತ್ತು ನಿಮಿಷ ಜೀಪು ಕತ್ತಲಾಗೇ ಇತ್ತು. ಅವಳು ವೈಪರ್ ಓಡಿಸುತ್ತ ಆಚೆ ದಡವನ್ನೇ ನೋಡಿದಳು. ಕೊನೆಗೆ ಬೆಳಕು ಬಂತು: ರಕ್ತ ನಿಂತಿದೆ.

ಅದಾದ ಮೇಲೂ ಬೆಳಕು ನಿಲ್ಲಲಿಲ್ಲ. ಮೂರು ಉದ್ದ, ಎರಡು ಗಿಡ್ಡ. ಮತ್ತೆ ಮೂರು ಉದ್ದ, ಎರಡು ಗಿಡ್ಡ. ಎಂಟು, ಎಂಟು.

"ಇನ್ನೇನಂತೆ?" ಮೇಷ್ಟ್ರು ಕೇಳಿದರು.

"ಎಂಬತ್ತೆಂಟು..." ಎಂದಳು. ರೇಡಿಯೋದವರ ಭಾಷೆಯಲ್ಲಿ ಎಂಬತ್ತೆಂಟು ಅಂದರೆ ಪ್ರೀತಿ, ಮುತ್ತು.

ಮೇಷ್ಟ್ರ ದನಿ ಮೆತ್ತಗಾಯಿತು. "ಅದನ್ನ ನನ್ನ ಹೆಂಡ್ತಿಗೆ ಬಿಟ್ರೆ ಇನ್ಯಾರಿಗೂ ಕಳಿಸಿದವನಲ್ಲ ನಾನು. ನನಗ್ಯಾಕೆ ಹೇಳ್ತೀಯ? ಅವನಿಗೆ ಉತ್ತರ ಕೊಡು."

ಅವಳು ಹೆಡ್‌ಲೈಟಿನ ಸ್ವಿಚ್ಚು ಹಿಡಿದಳು. ಇಂಗ್ಲಿಷಿನ ಎರಡೇ ಅಕ್ಷರ ಕಳಿಸಿದಳು.

ದೋಣಿ ಮೊದಲು ಗಾಯಾಳುವನ್ನು ತಂದಿತು. ಅವಳು ಕಾಲಿಗೆ ಹಲಗೆ ಕಟ್ಟಿ, ವ್ಯಾನಿನಲ್ಲಿ ಮಲಗಿಸುವಷ್ಟರಲ್ಲಿ ದೋಣಿ ಮತ್ತೊಂದು ಸಲ ಹೋಗಿ ಬಂತು. ಅವನು ತೊಟ್ಟಿಕ್ಕುತ್ತ ಎದುರು ನಿಂತ.

"ನರ್ಸಮ್ಮ, ಮಳೇಲಿ ಸರಿಯಾಗಿ ಓದೋಕಾಗ್ಲಿಲ್ಲ. 'ಬನ್ನಿ' ಅಂದ್ರಾ, 'ಬಾ' ಅಂದ್ರಾ?"

ಅವಳು ಅವನ ಒದ್ದೆ ಕಾಲರನ್ನು ಎರಡೂ ಕೈಯಲ್ಲಿ ಹಿಡಿದಳು. ಬೈಯಬೇಕೆಂದಿದ್ದ ಮಾತೆಲ್ಲ ಕಣ್ಣೀರಾಗಿ ಇಳಿಯಿತು.

"ಬಾ ಅಂದೆ ಕಣೋ," ಎಂದಳು. "ಬಾ."