ಹೆಸರು ಹಿಡಿದು ಕರೆಯದವಳು

ದೋಣಿ ಹತ್ತಿಸಲೆಂದು ಮಾಳಿಂಗಪ್ಪ ಕೈ ಚಾಚಿದ. ಹಂಪವ್ವ ಆ ಕೈಯನ್ನು ನೋಡಿದಳು, ಹೊಳೆಯನ್ನು ನೋಡಿದಳು, ಕೊನೆಗೆ ಸೋದರತ್ತೆ ಕರಿಯವ್ವನ ಹೆಗಲು ಹಿಡಿದು ಹತ್ತಿದಳು. ಚಾಚಿದ ಕೈಯನ್ನು ಏನಾದರೂ ಮಾಡಬೇಕಲ್ಲ? ಅವನು ತಲೆ ಕೆರೆದುಕೊಂಡ.

ದಾವಣಗೆರೆಯ ಡಾಕ್ಟರೊಬ್ಬರ ದವಾಖಾನೆಯಲ್ಲಿ ಅವನು ಕಾಂಪೌಂಡರ್, ಅವಳು ನರ್ಸು. ಮೊದಲೆಲ್ಲ ಬೆಳಗಾದರೆ ಸಾಕು, "ಮಾಳಿಂಗಪ್ಪನೋರೆ, ಟಿಂಚರ್ ಕೊಡ್ರಿ! ಮಾಳಿಂಗಪ್ಪನೋರೆ, ಹತ್ತಿ ಎಲ್ಲೈತೆ?" ಎಂದು ದವಾಖಾನೆ ತುಂಬ ಅವನ ಹೆಸರೇ. ತನ್ನ ಹೆಸರು ಇಷ್ಟು ಚಂದವಿದೆಯೆಂದು ಅವನಿಗೆ ಗೊತ್ತಾಗಿದ್ದೇ ಅವಳ ಬಾಯಲ್ಲಿ ಕೇಳಿದ ಮೇಲೆ. ಆ ಖುಷಿಗೇ ಅವ್ವನನ್ನು ಹೆಣ್ಣು ಕೇಳಲು ಕಳಿಸಿದ್ದ. ಹುಡುಗಿಯನ್ನು ಕೇಳಿ ಹೇಳುತ್ತೇವೆ ಎಂದರು ಆ ಮನೆಯವರು. ಮರುದಿನದಿಂದ ಅವಳ ಬಾಯಲ್ಲಿ ಅವನ ಹೆಸರೇ ಮಾಯ! "ಇಲ್ಲಿ ಕೇಳ್ರಿ", "ನೋಡ್ರಿ", ಅದೂ ಗೋಡೆಯ ಕಡೆ ಮುಖ ಮಾಡಿ.

ಅವಳಿಗೆ ತಾನು ಬೇಡವಾದೆ ಎಂದು ಅವನ ಎದೆ ಕುಸಿಯಿತು. ಬಾಯಿ ಬಿಟ್ಟು ಕೇಳೋಣವೆಂದರೆ ದವಾಖಾನೆಯಲ್ಲಿ ಸದಾ ರೋಗಿಗಳ ಸಂತೆ. ಅದಕ್ಕೇ ೧೯೫೯ರ ದೀಪಾವಳಿಗೆ ಮುಂಚಿನ ಆ ಭಾನುವಾರ ಹರಿಹರದ ಹುಸೇನ್ ಸಾಬರ ದೋಣಿಯನ್ನು ಪೂರ್ತಿ ಬಾಡಿಗೆಗೆ ಹಿಡಿದು, ಹೊಳೆ ತೋರಿಸುವ ನೆಪದಲ್ಲಿ ಅತ್ತೆ ಸೊಸೆ ಇಬ್ಬರನ್ನೂ ಕರೆತಂದಿದ್ದ.

ಮಳೆಗಾಲ ಮುಗಿಸಿದ ತುಂಗಭದ್ರೆ ದಡದಿಂದ ದಡಕ್ಕೆ ತುಂಬಿ ನಿಧಾನವಾಗಿ ಹರಿಯುತ್ತಿದ್ದಳು. ಕಲ್ಲಿನ ಸೇತುವೆ ಹಿಂದಾಯಿತು. ದಡದುದ್ದಕ್ಕೂ ಹಸಿರು ಗದ್ದೆ, ನೀರಿಗೆ ಬಗ್ಗಿದ ಹೊಂಗೆ, ಮೂಗು ಮಾತ್ರ ಮೇಲಿಟ್ಟು ಮಲಗಿದ ಎಮ್ಮೆಗಳು. ಮಿಂಚುಳ್ಳಿಯೊಂದು ಧುಮುಕಿ ಮೀನು ಕಚ್ಚಿ ಎದ್ದಾಗ ಹಂಪವ್ವ "ಅಯ್ಯೋ, ನೋಡ್ರಿ!" ಎಂದು ಅವನತ್ತ ತಿರುಗಿ ನಕ್ಕುಬಿಟ್ಟಳು. ನಕ್ಕದ್ದು ನೆನಪಾಗಿ ಸೆರಗಿನ ತುದಿ ಕಚ್ಚಿಕೊಂಡಳು.

"ಸಮುದ್ರ ಅಂದ್ರೆ ಇಷ್ಟೇ ಇರತೈತೇನಪ್ಪಾ?" ದೋಣಿಯ ಅಂಚನ್ನು ಅವುಚಿ ಹಿಡಿದ ಕರಿಯವ್ವ ಕೇಳಿದಳು.

"ಇದಕ್ಕಿಂತ ಒಂಚೂರು ದೊಡ್ಡದವ್ವ," ಎಂದರು ಹುಸೇನ್ ಸಾಬರು, ಹುಟ್ಟು ಹಾಕುತ್ತ. ಆಮೇಲೆ ಹಂಪವ್ವನ ಕಡೆ ತಿರುಗಿ, "ಈ ಸಾಹೇಬ್ರ ಹೆಸರೇನು ತಾಯಿ? ಕೇಳೋದೇ ಮರೆತೆ."

ಹಂಪವ್ವ ತುಟಿ ತೆರೆದಳು. ಮುಚ್ಚಿದಳು. ಕಿವಿಯವರೆಗೂ ಕೆಂಪಾಗಿ, "ಅವರನ್ನೇ ಕೇಳ್ರಿ," ಎಂದು ನೀರಿನಲ್ಲಿ ಬೆರಳಾಡಿಸಿದಳು. ಸಾಬರು ಗಡ್ಡದೊಳಗೇ ನಕ್ಕರು.

ಮಾಳಿಂಗಪ್ಪನಿಗೆ ಆ ನಗು ಕಾಣಲಿಲ್ಲ. ದೋಣಿಯವರ ಮುಂದೆಯೂ ನನ್ನ ಹೆಸರು ಬೇಡವಾಯಿತೇ! ಅವನು ಅವಳತ್ತ ತಿರುಗಿದ.

"ಹಂಪವ್ವಾರೆ, ಇವತ್ತೇ ಅವ್ವಗೆ ಹೇಳ್ತೀನಿ, ಆ ಮದುವಿ ಮಾತು ಬಿಟ್ಟುಬಿಡು ಅಂತ. ನಿಮಗೆ ಮನಸ್ಸಿಲ್ಲದ್ದು ನನಗೂ ಬ್ಯಾಡ. ಮೊದ್ಲಿನಂಗೆ ಹೆಸರು ಹಿಡಿದು ಕರೀರಿ, ಅಷ್ಟು ಸಾಕು."

ಹಂಪವ್ವ ಗಾಬರಿಯಿಂದ ಎದ್ದೇಬಿಟ್ಟಳು. ದೋಣಿ ಓಲಾಡಿತು, ಕರಿಯವ್ವ ಚೀರಿದಳು. ಮಾಳಿಂಗಪ್ಪ ಅವಳ ಕೈ ಹಿಡಿದು ಕೂರಿಸಿದ.

"ಬ್ಯಾಡ್ರಿ! ಅವ್ವಗೆ ಹಂಗೆಲ್ಲ ಹೇಳಬ್ಯಾಡ್ರಿ!" ಅವಳ ಕಣ್ಣು ತುಂಬಿತ್ತು. "ಅಷ್ಟೂ ತಿಳಿಯಂಗಿಲ್ಲೇನು? ಕಟ್ಟಿಕೊಳ್ಳೋ ಗಂಡನ್ನ ಯಾರಾದ್ರೂ ಹೆಸರು ಹಿಡಿದು ಕರೀತಾರೇನ್ರಿ?"

ಅವನು ಮನಸ್ಸಿನಲ್ಲೇ ದಿನಗಳನ್ನು ಲೆಕ್ಕ ಹಾಕಿದ.

"ಹಂಗಾದ್ರೆ ಆವತ್ತಿಂದ…?"

"ನಿಮ್ಮ ಅವ್ವ ಬಂದುಹೋದ ಸಂಜೆಯಿಂದ."

"ಎಂಥಾ ಹುಡುಗನಪ್ಪಾ," ಕಣ್ಣು ಮುಚ್ಚಿಕೊಂಡೇ ಗೊಣಗಿದಳು ಕರಿಯವ್ವ. "ಇವಳು ಆವತ್ತೇ ಹೂಂ ಅಂದಾಳೆ. ಒಳ್ಳೆ ದಿನ ನೋಡಿ ಹೇಳಿ ಕಳಿಸಾನ ಅಂತ ನಮ್ಮಣ್ಣ ಕೂತಾನೆ. ಮೊದ್ಲು ನನ್ನ ದಡ ಮುಟ್ಟಿಸ್ರಿ."

ಮಾಳಿಂಗಪ್ಪನಿಗೆ ಹೊಳೆಗೆ ಹಾರಿ ಈಜಬೇಕೆನ್ನುವಷ್ಟು ಸಂತೋಷವಾಯಿತು. ಆದರೆ ಹಿಡಿದ ಕೈ ಬಿಡಲು ಮನಸ್ಸು ಬರಲಿಲ್ಲ.

"ಅಂದ್ರೆ ಇನ್ನು ನಿನ್ನ ಬಾಯಾಗೆ ನನ್ನ ಹೆಸರು ಕೇಳೋ ಭಾಗ್ಯನೇ ಇಲ್ಲೇನು?"

'ನೀವು' ಹೋಗಿ 'ನೀನು' ಬಂದದ್ದನ್ನು ಅವಳು ಗಮನಿಸಿದಳು. ತುಟಿಯಂಚಿನಲ್ಲಿ ನಗು ಮೂಡಿತು.

"ಮದುವಿ ದಿನ ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಕೇಳ್ತಾರಲ್ಲ, ಆಗ ಒಡಪಿನ ಪದದಾಗೆ ಸೇರಿಸಿ ಹಾಡಿ ಹೇಳ್ತೀನಿ."

"ಒಡಪು ಕಟ್ಟೋಕೆ ಬರತೈತಾ ನಿನಗೆ?"

"ಕಟ್ಟಿ, ಬಾಯಿಪಾಠ ಮಾಡಿ, ದಿನಾ ಒಬ್ಬಳೇ ಹೇಳ್ಕೊಂತೀನಿ," ಎಂದಳು ಹಂಪವ್ವ, ಈಗ ಅವನ ಮುಖವನ್ನೇ ನೋಡುತ್ತ. "ನೀವು ಲಗೂನ ಮುಹೂರ್ತ ಇಡಸ್ರಿ."