ಕಂಬಳಿಯ ತಂಗಿ ಕಂಬನಿ

ಬಹಳ ಹಿಂದೆ, ಕೆರೆಗಳಿಗೆ ಇನ್ನೂ ಏರಿ ಕಟ್ಟದಿದ್ದ ಕಾಲದಲ್ಲಿ, ತಿಳಿಮಡು ಎಂಬ ಮೀನುಗಳ ರಾಜ್ಯವಿತ್ತು. ಅಲ್ಲಿನ ರಾಣಿ ಮಿನುಗಾಂಬೆಗೆ ಏಳು ವರ್ಷ ಹರಕೆ ಹೊತ್ತ ಮೇಲೆ ಒಂದೇ ಒಂದು ಮೊಟ್ಟೆ ದಕ್ಕಿತು. ಗಾಜಿನಂಥ ಮೊಟ್ಟೆ. ಒಳಗಿನ ಮರಿಯ ಗುಂಡಿಗೆ ಮಿಡಿಯುವುದು ಹೊರಗಿನಿಂದಲೇ ಕಾಣುತ್ತಿತ್ತು.

ಆ ರಾಜ್ಯದಲ್ಲಿ ಪ್ರತಿ ಮೊಟ್ಟೆಯೊಳಗೂ ಸಾಸಿವೆಗಿಂತ ಸಣ್ಣ ಬಾಗಿಲುಗಳಿದ್ದವು, ಬಾಗಿಲಿಗೊಬ್ಬಳು ಕಾವಲುಗಾತಿ. ಗುಂಡಿಗೆ ಒಮ್ಮೆ ಮಿಡಿದೊಡನೆ ಅದರ ಬಾಗಿಲು ಕಾಯುವವಳು "ಸಾಕು" ಎಂದು ಬಾಗಿಲು ತೆರೆದು, ಚಿಟಿಕೆ ಉಪ್ಪನ್ನು ಹೊರಗೆ ಬಿಡಬೇಕು. ಆಗ ಗುಂಡಿಗೆ ಸುಧಾರಿಸಿಕೊಂಡು ಮತ್ತೆ ಮಿಡಿಯುತ್ತದೆ.

ಕಾವಲುಗಾತಿಯರ ಹೆಸರೆಲ್ಲ ಒಂದು ಓಲೆಯಲ್ಲಿತ್ತು. ಲಿಪಿಕಾರ ಮುದ್ದಪ್ಪ ಅದನ್ನು ನಕಲು ಮಾಡುವಾಗ ತೂಕಡಿಸಿ, ಬರೆದದ್ದನ್ನೇ ಇನ್ನೊಮ್ಮೆ ಬರೆದಿಟ್ಟ. ಓಲೆಯಲ್ಲಿ ಬರೆದದ್ದು ಅಲ್ಲಿ ನಡೆದೇ ತೀರುತ್ತಿತ್ತು. ಪ್ರತಿ ಕಾವಲುಗಾತಿಗೂ ಒಬ್ಬ ತಂಗಿ ಹುಟ್ಟಿಕೊಂಡಳು. ನಿದ್ದೆಗಣ್ಣಲ್ಲಿ ಅಕ್ಷರವೂ ತಪ್ಪಿ, ಗುಂಡಿಗೆ ಕಾಯುವ ಕಂಬಳಿಯ ತಂಗಿ ಕಂಬನಿಯಾದಳು. ಕೆಲಸವಿಲ್ಲದ ತಂಗಿಯರು ಅಲ್ಲಿ ಇಲ್ಲಿ ಬೇರೆ ಬಾಗಿಲು ಹಿಡಿದರು. ಮುದ್ದಪ್ಪನ ಮನೆತನಕ್ಕೆ 'ಎರಡೋಲೆಯವರು' ಎಂಬ ಅಡ್ಡಹೆಸರು ಅಂಟಿತು. ಅವನ ಮೊಮ್ಮಗಳು ತುಂತುರಿ ಎದುರಾದರೆ ಜನ ಎರಡೆರಡು ಸಲ ನಮಸ್ಕಾರ ಹೇಳಿ ಕಿಚಾಯಿಸುತ್ತಿದ್ದರು. ಪಾಪ, ಅವಳು ತಲೆ ತಗ್ಗಿಸಿ ಈಜಿಹೋಗುತ್ತಿದ್ದಳು.

ಹೀಗಿರಲು ಬೀಗಾಸುರನೆಂಬ ಮಾಂತ್ರಿಕನ ಕಣ್ಣು ತಿಳಿಮಡುವಿನ ಮೇಲೆ ಬಿತ್ತು. ರಾಣಿಗೆ ಮಗುವಾಗದಿದ್ದರೆ ರಾಜ್ಯ ತನ್ನದೆಂದುಕೊಂಡ. ಎರಡೂ ಓಲೆ ಕದ್ದ. ಬರೆದದ್ದನ್ನೇ ಬರೆದಿದ್ದಾರೆ, ದಡ್ಡರು ಎಂದು ಎರಡನೆಯದನ್ನು ಕೆಸರಿಗೆಸೆದ. ಮೊದಲನೆಯದನ್ನು ನೋಡಿ ಕಂಬಳಿಯ ಹೆಸರನ್ನು ಬೀಗದ ಮೇಲೆ ಕೊರೆದು ಜಡಿದ. ಮೊಟ್ಟೆಯೊಳಗೆ ಕಂಬಳಿ ಕಲ್ಲಾದಳು. ಮರಿಯ ಗುಂಡಿಗೆ ಬಿಗಿದುಕೊಂಡಿತು. ಸಂಜೆಯೊಳಗೆ ಬಾಗಿಲು ತೆರೆಯದಿದ್ದರೆ ಮೊಟ್ಟೆ ಸುಣ್ಣದಂತೆ ಬೆಳ್ಳಗಾಗುತ್ತದೆ, ಮರಿ ಉಳಿಯುವುದಿಲ್ಲ ಎಂದರು ವೈದ್ಯರು.

ತುಂತುರಿ ಕೆಸರು ತಡಕಿ ಅಜ್ಜನ ಓಲೆ ಹುಡುಕಿ ತೆಗೆದಳು. ಗುಂಡಿಗೆ ಕಾಯುವವಳ ಹೆಸರು ಅದರಲ್ಲಿ ಕಂಬನಿ ಎಂದಿತ್ತು. ಓಲೆ ಬರೆಯುವ ಮನೆತನದವರಿಗೆ ಅಕ್ಷರದಷ್ಟು ಚಿಕ್ಕದಾಗುವ ವಿದ್ಯೆ ಗೊತ್ತಿತ್ತು. ಹಾಗೆ ಚಿಕ್ಕದಾಗಿ ಮೊಟ್ಟೆಯೊಳಗೆ ನುಸುಳಿದಳು.

ಮೊದಲು ಕಣ್ಣಿನ ಬಾಗಿಲು ಸಿಕ್ಕಿತು. ಕಂಬನಿ ನೀನೇನಾ ಎಂದು ಕೇಳಿದಳು. ರೆಪ್ಪೆ ಮಿಟುಕಿಸದೆ ನಿಂತರೆ ಹೇಳುತ್ತೇನೆ ಎಂದಳು ಆ ಕಾವಲುಗಾತಿ. ಮೀನಿಗೆ ರೆಪ್ಪೆ ಎಲ್ಲಿ ಬಂತು? ತುಂತುರಿ ಸುಲಭವಾಗಿ ಗೆದ್ದಳು. ನಾನಲ್ಲ, ಮುಂದೆ ಹೋಗು ಎಂದಳು ಅವಳು.

ಆಮೇಲೆ ಕಿವಿಯ ಬಾಗಿಲು. ಕಂಬನಿ ನೀನೇನಾ ಎಂದು ಕೇಳಿದಳು. ಇಲ್ಲಿ ಕೇಳಿಸುವುದಕ್ಕೆ ಎದುರಾಡದೆ ನಿಂತರೆ ಹೇಳುತ್ತೇನೆ ಎಂದಳು ಆ ಕಾವಲುಗಾತಿ. ಊರವರು ಮುದ್ದಪ್ಪನನ್ನು ಆಡಿಕೊಂಡ ಮಾತೆಲ್ಲ ಒಂದೊಂದಾಗಿ ಕೇಳಿಸಿತು. ತುಂತುರಿ ಕೊನೆಯವರೆಗೂ ತುಟಿ ಬಿಚ್ಚಲಿಲ್ಲ. ನಾನೂ ಅಲ್ಲ, ಮುಂದೆ ಹೋಗು ಎಂದಳು ಅವಳು.

ಕೊನೆಗೆ ಈಜುರೆಕ್ಕೆಯ ಬಾಗಿಲು. ಅಲ್ಲೊಬ್ಬಳು ಚಿಗುರುವ ರೆಕ್ಕೆಗೆ "ಸಾಕು, ಸಾಕು" ಎನ್ನುತ್ತ ಕೂತಿದ್ದಳು.

"ಕಂಬನಿ ನೀನೇನಾ?"

"ನಾನೇ. ಅಕ್ಕನ ಕೆಲಸ ನನಗೂ ಬರುತ್ತೆ. ಆದರೆ ನಾನು ಎದ್ದರೆ ಈ ರೆಕ್ಕೆಗೆ ಸಾಕು ಅನ್ನೋರು ಯಾರು? ಅದು ಮೈಗಿಂತ ಉದ್ದ ಬೆಳೆದುಬಿಡುತ್ತೆ. ಹೋಗಿ ತಾಯಿಯನ್ನು ಕೇಳಿಕೊಂಡು ಬಾ."

ಮೊಟ್ಟೆಯ ಅಂಚು ಆಗಲೇ ಮಬ್ಬಾಗುತ್ತಿತ್ತು. ತುಂತುರಿ ಹೊರಗೆ ತೇಲಿ ರಾಣಿಗೆ ವಿಷಯ ತಿಳಿಸಿದಳು. ಮಿನುಗಾಂಬೆ ಒಂದು ಗಳಿಗೆಯೂ ಯೋಚಿಸಲಿಲ್ಲ.

"ರೆಕ್ಕೆ ಎಷ್ಟು ಬೇಕಾದರೂ ಬೆಳೆಯಲಿ, ನನ್ನ ಮಗು ಬದುಕಲಿ."

ತುಂತುರಿ ಆ ಮಾತು ತಲುಪಿಸಿದೊಡನೆ ಕಂಬನಿ ಎದ್ದು ಗುಂಡಿಗೆಯ ಬಾಗಿಲಿಗೆ ಓಡಿದಳು. ಬೀಗದ ಮೇಲಿದ್ದದ್ದು ಅಕ್ಕನ ಹೆಸರು. ಒಂದಕ್ಷರ ಬೇರೆಯಾದದ್ದರಿಂದ ಮಂತ್ರ ಅವಳನ್ನು ಹಿಡಿಯಲಿಲ್ಲ. "ಸಾಕು" ಎಂದಳು. ಬಾಗಿಲು ತೆರೆಯಿತು, ಉಪ್ಪು ಹೊರಬಿತ್ತು, ಗುಂಡಿಗೆ ಸಡಿಲಾಯಿತು. ಎಲ್ಲರೂ ಮೊಟ್ಟೆಯತ್ತ ನೋಡಿದರು. ಗುಂಡಿಗೆ ಮಿಡಿಯಿತು, ಮತ್ತೂ ಒಮ್ಮೆ ಮಿಡಿಯಿತು. ರಾಣಿ ಗಳಗಳನೆ ಅತ್ತಳು.

ಬೀಗ ಒಡೆದು, ಮಂತ್ರ ತಿರುಗಿ ಹೋಗಿ ಬೀಗಾಸುರ ಕಲ್ಲಾದ. ಅವನ ಮೇಲೆ ಪಾಚಿ ಬೆಳೆದು ಮರಿಮೀನುಗಳಿಗೆ ಮೇವಾಯಿತು. ಕಂಬಳಿ ಎಚ್ಚೆತ್ತು ತಂಗಿಯನ್ನು ಅಪ್ಪಿಕೊಂಡಳು. ಕಂಬನಿ ತನ್ನ ಜಾಗಕ್ಕೆ ಮರಳುವಷ್ಟರಲ್ಲಿ ರೆಕ್ಕೆ ಬೆಳೆದುಬಿಟ್ಟಿತ್ತು. ಹೊರಬಂದ ರಾಜಕುಮಾರನಿಗೆ ಸೆರಗಿನಂತೆ ಜೋಲಾಡುವ ಉದ್ದನೆಯ ರೆಕ್ಕೆಗಳು. ಎಲ್ಲಿಗೆ ಹೊರಟರೂ ಅವನು ತಲುಪುವುದು ತಡವೇ, ಆದರೂ ತಲುಪುತ್ತಿದ್ದ.

ಇನ್ನು ಮೇಲೆ ಪ್ರತಿ ಓಲೆಯನ್ನೂ ಎರಡು ಸಲ ಬರೆಯಬೇಕು, ಮುದ್ದಪ್ಪನ ತಪ್ಪಕ್ಷರವನ್ನು ಯಾರೂ ತಿದ್ದಕೂಡದು ಎಂದು ರಾಣಿ ಅಪ್ಪಣೆ ಮಾಡಿದಳು. ಬರೆಯುವ ಕೆಲಸ ತುಂತುರಿಗೇ ಸಿಕ್ಕಿತು. ತಿಳಿಮಡುವಿನಲ್ಲಿ ಎಲ್ಲರೂ ಸುಖವಾಗಿ ಬಾಳಿದರು. ಜನ ಈಗಲೂ ತುಂತುರಿಗೆ ಎರಡೆರಡು ಸಲ ನಮಸ್ಕಾರ ಹೇಳುತ್ತಾರೆ, ನಗುವುದಿಲ್ಲ ಅಷ್ಟೇ.