ವಾಪಸು ಹೋಗುವವನ ಸಾಕ್ಷಿ

“ಇಲ್ಲಿ ನನ್ನದು ಬರೀ ವಾಸ, ಸ್ವಾಮಿ. ಕಾಯಂ ನೆಲೆ ಹುಟ್ಟೂರೇ. ಇವತ್ತಲ್ಲ ನಾಳೆ ವಾಪಸು ಹೋಗೋನು ನಾನು.”

ಕಟಕಟೆಯಲ್ಲಿ ನಿಂತು ಔಷಧಿ ಅಂಗಡಿಯವನು ಹೀಗೆಂದಿದ್ದೇ ತಡ, ಹಿಂದಿನ ಬೆಂಚಿನಲ್ಲಿದ್ದ ಅವಳು ಎದ್ದು ಹೊರನಡೆದಳು. ಬರುವ ತಿಂಗಳು ಇವನನ್ನೇ ಮದುವೆಯಾಗಬೇಕಿತ್ತು. ಅವಳು ಕನ್ನಡಕದ ಗಾಜು ಉಜ್ಜುವವಳು. ಕೂದಲೆಳೆಯಷ್ಟು ಓರೆಯಾದರೂ ಗಾಜನ್ನು ಬಿಸಾಡುವವಳು. ಮಾತೇ ಇಷ್ಟು ಓರೆಯಾದರೆ?

ವಿರಾಮದಲ್ಲಿ ಅವನು ವರಾಂಡಕ್ಕೆ ಓಡಿಬಂದು ಸಮಜಾಯಿಷಿ ಕೊಡತೊಡಗಿದ. ತೀರಿಕೊಂಡ ದೊಡ್ಡಮ್ಮ ತನ್ನ ಮನೆಯನ್ನು ಅವನಿಗೆ ಬರೆದಿದ್ದಳು, ಆದರೆ ಹುಟ್ಟೂರೇ ಅವನ ಕಾಯಂ ನೆಲೆಯಾಗಿದ್ದರೆ ಮಾತ್ರ. ಎಷ್ಟು ವರ್ಷ ಇದ್ದರೂ ವಾಸ ವಾಸವೇ. ಇಲ್ಲೇ ಉಳಿಯುವ ಮನಸ್ಸು ಕೂಡಿದರಷ್ಟೇ ಅದು ನೆಲೆ ಎಂದು ವಕೀಲರು ಹೇಳಿದ್ದರು. ಮನಸ್ಸನ್ನು ಯಾರು ಹೊಕ್ಕು ನೋಡುತ್ತಾರೆ ಎಂದು, ಜೊತೆಗೆ ಬಂದಿದ್ದ ಅವನ ಭಾವ ಆ ಹೇಳಿಕೆಯನ್ನು ಗಿಣಿಪಾಠ ಮಾಡಿಸಿದ್ದ.

“ನಾನು ನೋಡಿದೀನಿ ಅಂದ್ಕೊಂಡಿದ್ದೆ,” ಎಂದಳು.

ಸಿಟ್ಟಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು. ಅವನ ಕಣ್ಣು ಅಲ್ಲೇ ನಿಂತಿತು.

“ಹಾಗೆ ನೋಡಬೇಡ. ಅದಕ್ಕೆ ಕರಗೋಳು ಬೆಳಗ್ಗೆ ಇದ್ಲು, ಈಗಿಲ್ಲ.”

“ಕೋರ್ಟಲ್ಲಿ ಹೇಳಿದ್ದಕ್ಕೆ ಇಷ್ಟು ಕೋಪಾನಾ? ಅದು ಸುಳ್ಳು ಅಂತ ನಿಂಗೊತ್ತಲ್ಲ.”

“ಅವರ ಮುಂದೆ ಸುಳ್ಳೋ, ನನ್ನ ಮುಂದೆ ಸುಳ್ಳೋ, ನಂಗೆ ಹೇಗೆ ಗೊತ್ತಾಗಬೇಕು? ಒಳಗೆ ಹೋಗಿ ಹೇಳು. ಆಮೇಲೆ ಮದುವೆ ಮಾತು.”

ಕಲಾಪ ಮತ್ತೆ ಶುರುವಾದಾಗ, ಹೇಳಿಕೆ ತಿದ್ದಬೇಕೆಂದು ಅವನು ತಾನೇ ಎದ್ದು ನಿಂತ. ಭಾವನ ಮುಖ ಇಂಗು ತಿಂದ ಮಂಗನಂತಾಯಿತು. ಪ್ರಮಾಣ ಮಾಡಿ ಸುಳ್ಳಾಡುವುದು ಹುಡುಗಾಟವಲ್ಲ ಎಂದು ನ್ಯಾಯಾಧೀಶರು ಗದರಿದರು. ಆಮೇಲೆ, ಇಲ್ಲೇ ಉಳಿಯುವ ಮನಸ್ಸು ಎಂದಿನಿಂದ ಎಂದು ಕೇಳಿದರು.

ಬಾಗಿಲ ಬಳಿ ಅವಳು ಕೈಕಟ್ಟಿ ನಿಂತಿದ್ದಳು.

“ದಿನ ಹೇಳೋಕಾಗಲ್ಲ ಸ್ವಾಮಿ. ವಾಪಸು ಹೋಗೋ ಯೋಚನೆ ಕೊನೇ ಸಲ ಯಾವಾಗ ಬಂದಿತ್ತು ಅಂತ ಈಗ ಹುಡುಕಿ ನೋಡಿದೆ. ಅವಳ ಪರಿಚಯ ಆಗೋಕೂ ಮುಂಚೆ.”

ದೊಡ್ಡಮ್ಮನ ಮನೆ ಕೈತಪ್ಪಿದಂತೆಯೇ. ಭಾವ ಇವನತ್ತ ತಿರುಗಿಯೂ ನೋಡದೆ ಹೊರಟುಹೋದ. ಅವಳೂ ದಡದಡ ಮೆಟ್ಟಿಲಿಳಿದಳು. ಅವನು ಹಿಂದೆಯೇ ಬಂದ.

“ನನ್ನ ಸಿಟ್ಟು ಇಷ್ಟಕ್ಕೆಲ್ಲ ಇಳಿಯಲ್ಲ,” ಎಂದಳು, ಮುಂದೆ ನೋಡುತ್ತಲೇ.

“ನಿಧಾನಕ್ಕೆ ಇಳೀಲಿ. ನಾನೆಲ್ಲಿಗೆ ಹೋಗ್ತೀನಿ?”

ಅವಳು ತಿರುಗಲಿಲ್ಲ. ಆದರೆ ಅವನು ಜೊತೆಗೂಡುವಷ್ಟು ಹೆಜ್ಜೆ ಸಣ್ಣದು ಮಾಡಿದಳು.